ಕಾರೋಣರಿಗೆ ಮದ್ಯ ಇಡುವ ಮನೆಗೆ 21ರ ವಯೋಮಿತಿ ಅಡ್ಡಿಯೇ?

ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕೆಂಬ ನಿಯಮವು ಕಾರೋಣರಿಗೆ, ಅಂದರೆ ಪೂರ್ವಜರಿಗೆ, ಮದ್ಯವನ್ನು ಅರ್ಪಿಸುವ ಕೊಡಗಿನ ಮನೆಗಳ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲವೇ, 18ಕ್ಕೆ ಮತ ಹಾಕುವ ಹುಡುಗನಿಗೆ ಹಬ್ಬದ ದಿನ ಒಂದು ಲೋಟ ಏಕೆ ಕೂಡದು ಎಂದು ಕೇಳಿದ್ದೀರಿ. ವಿರಾಜಪೇಟೆ ಕಡೆಯ, ಈ ಹಬ್ಬಗಳನ್ನು ತಪ್ಪದೆ ಆಚರಿಸುವ ಒಕ್ಕವೊಂದರ (ಕೊಡವ ಮನೆತನದ) ಸದಸ್ಯನಾಗಿ ಹೇಳುವುದಾದರೆ, ಧಕ್ಕೆ ಇಲ್ಲ.

ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಆಗಲಿ, ಕಾರೋಣರಿಗೆ ಕೊಡುವ ದಿನವಾಗಲಿ, ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಮೀದಿ, ಅಂದರೆ ಪೂರ್ವಜರಿಗೆ ಸಲ್ಲಿಸುವ ಎಡೆ, ಇಡುವವರು ಹಿರಿಯರು. ಅದು ಸಲ್ಲುವುದು ಗತಿಸಿದವರಿಗೆ. ಹದಿನೇಳರ ಹುಡುಗ ಅದರಲ್ಲಿ ಪಾಲು ಪಡೆಯದಿದ್ದರೆ ಆಚರಣೆ ಅಪೂರ್ಣವಾಯಿತೆಂದು ಯಾವ ಹಿರಿಯರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲದೆ ಧಾರ್ಮಿಕ ಸ್ವಾತಂತ್ರ್ಯ ನೀಡುವ ಸಂವಿಧಾನದ 25ನೇ ವಿಧಿಯೇ ಆ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿದೆ.

ಕೋವಿಗೆ ವಿನಾಯಿತಿ ಇದೆಯಲ್ಲ, ಮದ್ಯಕ್ಕೇಕಿಲ್ಲ ಎಂದು ಕೆಲವರು ವಾದಿಸುತ್ತಾರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ದೊರೆತಿರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿರುವುದು ನಿಜ. ಆದರೆ ಅದು ಪರವಾನಗಿಯಿಂದ ನೀಡಿದ ವಿನಾಯಿತಿಯೇ ಹೊರತು, ಕೋವಿಯನ್ನು ಮಕ್ಕಳ ಕೈಗಿಡಲು ಕೊಟ್ಟ ಒಪ್ಪಿಗೆಯಲ್ಲ. ಇದೇ ಜಿಲ್ಲೆಯಲ್ಲಿ ಮದ್ಯವನ್ನು ನಿಷಿದ್ಧವೆಂದು ನಂಬುವ ಮುಸ್ಲಿಮರಿದ್ದಾರೆ, ಕುಡಿತದಿಂದ ನಲುಗಿದ ಬುಡಕಟ್ಟು ಜನರ ಹಾಡಿಗಳೂ ತೋಟದ ಕಾರ್ಮಿಕರ ಲೈನ್‌ಮನೆಗಳೂ ಇವೆ. ವಯೋಮಿತಿಯನ್ನು ಜಾತಿಗೊಂದರಂತೆ ಹಂಚಲು ಹೊರಟರೆ ಅಂಗಡಿಯವನು ಯಾರ ಕುಲ ಕೇಳಬೇಕು?

ಕಾನೂನಿನಲ್ಲೇ ಗೊಂದಲವಿದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ವರ್ಷದೊಳಗಿನವರಿಗೆ ಮಾರುವುದನ್ನು ನಿಷೇಧಿಸಿದರೆ, 1967ರ ನಿಯಮಗಳು ಆ ಮಿತಿಯನ್ನು 21 ಎನ್ನುತ್ತವೆ. ಇದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ ಮುಂದಿಟ್ಟು, ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಮತದಾನದ ವಯಸ್ಸನ್ನು ಇಲ್ಲಿಗೆ ಎಳೆದು ತರುವುದರಲ್ಲಿ ಹುರುಳಿಲ್ಲ; ಗಂಡಿನ ಮದುವೆಗೂ 21 ಎಂದಿರುವುದನ್ನು ನಾವು ಒಪ್ಪಿಕೊಂಡೇ ಇದ್ದೇವೆ.

ಆರೋಗ್ಯದ ಮಾತು ಇದಕ್ಕಿಂತ ಗಟ್ಟಿಯಾದದ್ದು. ಮಿದುಳಿನ ಬೆಳವಣಿಗೆ, ಅದರಲ್ಲೂ ಆವೇಗವನ್ನು ಹತೋಟಿಯಲ್ಲಿಡುವ ಮುಂಭಾಗದ್ದು, ಇಪ್ಪತ್ತರ ನಂತರವೂ ಕೆಲ ವರ್ಷ ನಡೆಯುತ್ತಿರುತ್ತದೆ. ಎಳೆಯ ವಯಸ್ಸಿನಲ್ಲಿ ಕುಡಿತ ಆರಂಭಿಸಿದವರಲ್ಲಿ ಮುಂದೆ ಚಟವಾಗುವ ಸಂಭವ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಮಡಿಕೇರಿ ದಸರಾದ ರಾತ್ರಿ ದಶಮಂಟಪ ನೋಡಿ, ಕುಡಿದು, ಬೈಕಿನಲ್ಲಿ ಘಟ್ಟದ ತಿರುವುಗಳಲ್ಲಿ ಹಿಂದಿರುಗುವ ಹುಡುಗರನ್ನು ನೆನೆದರೆ ಈ ಮಾತು ಪುಸ್ತಕದ್ದೆನಿಸುವುದಿಲ್ಲ.

ನಿಯಮ ಧರ್ಮಕ್ಕೆ ಅಡ್ಡಿಯಾಗುತ್ತದೆಂಬ ಆತಂಕಕ್ಕಿಂತ, ಅದು ನಮ್ಮ ಮನೆಯೊಳಗೆ ತಲುಪುವುದೇ ಇಲ್ಲವೆಂಬುದು ನನ್ನ ಚಿಂತೆ. ಕೊಡಗಿನ ಹುಡುಗನಿಗೆ ಮೊದಲ ಬಾಟಲಿ ಸಿಗುವುದು ಬಹುಪಾಲು ವೈನ್‌ಶಾಪಿನಿಂದಲ್ಲ, ನಿವೃತ್ತ ಯೋಧರಾದ ಅಜ್ಜನೋ ಚಿಕ್ಕಪ್ಪನೋ ಮಿಲಿಟರಿ ಕ್ಯಾಂಟೀನ್‌ನಿಂದ ತಂದಿಟ್ಟ ರಮ್ಮಿನ ಕಪಾಟಿನಿಂದ. ಮದುವೆಮನೆಯಲ್ಲಿ "ಗಂಡುಮಗ ತಾನೇ, ಒಂದು ಪೆಗ್ ಇರಲಿ" ಎನ್ನುವವರೂ ಬಂಧುಗಳೇ. ಅಬಕಾರಿ ನಿಯಮ ಕಟ್ಟಿಹಾಕುವುದು ಪರವಾನಗಿ ಪಡೆದ ಮಾರಾಟಗಾರನನ್ನು ಮಾತ್ರ.

ಆದರೆ ಹುಡುಗನಿಗೆ 18 ತುಂಬಿಲ್ಲದಿದ್ದರೆ ಲೆಕ್ಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ ಅಥವಾ ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕೊಟ್ಟವರು ಮಾವನೋ ಅಂಗಡಿಯವನೋ ಎಂಬ ಭೇದವನ್ನು ಆ ಕಲಮು ಮಾಡುವುದಿಲ್ಲ. 18ರಿಂದ 21ರ ನಡುವಿನವರ ವಿಚಾರವನ್ನು ನಿಮ್ಮ ಒಕ್ಕದ ಪಟ್ಟೆದಾರರ (ಮನೆತನದ ಹಿರಿಯ ಮುಖ್ಯಸ್ಥರ) ಮುಂದಿಡಿ. ನಮ್ಮಲ್ಲಿ ಕೇಳಿದರೆ ನಾನು ಬೇಡವೆಂದೇ ಹೇಳುತ್ತೇನೆ.