ಯಾರ ಮಗು ಅಂತ ಕೇಳದೆ

ಪತ್ರ ಬರೆದ ತಾಯಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ರಾತ್ರಿ ಮೊಬೈಲ್ ಹಿಡಿದರೆ ಯುದ್ಧದಲ್ಲಿ ಸಿಕ್ಕ ಮಕ್ಕಳ ಮುಖಗಳೇ ಕಾಣುತ್ತವೆ, ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಕೆಲವು ತಂದೆತಾಯಂದಿರು ಸೇರಿ ಮೇಣದಬತ್ತಿ ಹಚ್ಚಿದಿರಂತೆ. "ಸುಮ್ನೆ ತೋರಿಕೆ" ಎಂದರಂತೆ ಮನೆಯವರು. ಇದರಿಂದ ಏನಾದರೂ ಉಪಯೋಗ ಇದೆಯಾ, ಅಲ್ಲಿಂದ ಒಂದು ಮಗುವನ್ನು ದತ್ತು ತರಬಹುದಾ ಎಂದು ಕೇಳಿದ್ದೀರಿ.

ದತ್ತಿನ ಮಾತು ಮೊದಲು. ಬೇಡ. ಯುದ್ಧದಲ್ಲಿ ಒಂಟಿಯಾಗಿ ಸಿಕ್ಕಿದ ಮಗುವೆಲ್ಲ ಅನಾಥ ಅಲ್ಲ. ಅಮ್ಮ ಇನ್ನೊಂದು ಶಿಬಿರದಲ್ಲಿರಬಹುದು, ಆಸ್ಪತ್ರೆಯಲ್ಲಿರಬಹುದು, ಗಡಿಯಾಚೆ ಅದನ್ನೇ ಹುಡುಕುತ್ತಾ ಅಲೆಯುತ್ತಿರಬಹುದು. 1975ರ ಏಪ್ರಿಲ್‌ನಲ್ಲಿ, ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬೀಳುವ ಮುಂಚೆ, ಅಮೆರಿಕ ಎರಡು ಸಾವಿರಕ್ಕೂ ಹೆಚ್ಚು ವಿಯೆಟ್ನಾಂ ಮಕ್ಕಳನ್ನು ವಿಮಾನಗಳಲ್ಲಿ ಸಾಗಿಸಿತು. ಸಾಕಿಕೊಳ್ಳಲು ಕಾದಿದ್ದವರ ಪ್ರೀತಿ ಸುಳ್ಳಲ್ಲ. ಆದರೆ ಅವುಗಳಲ್ಲಿ ಕೆಲವು ಮಕ್ಕಳ ಹೆತ್ತವರು ಬದುಕಿದ್ದರು. ವಿಷಯ ಕೋರ್ಟಿಗೂ ಹೋಯಿತು. ಅದಕ್ಕೇ ಈಗ ರೆಡ್ ಕ್ರಾಸ್, ಯುನಿಸೆಫ್‌ನಂಥವರು ಮೊದಲು ಮನೆಯವರನ್ನು ಹುಡುಕುತ್ತಾರೆ. ಆ ಹುಡುಕಾಟಕ್ಕೆ ಕೈಲಾದಷ್ಟು ಹಣ ಕೊಡಿ. ಹಳೇ ಬಟ್ಟೆಯ ಮೂಟೆ ಬೇಡ, ಅದನ್ನು ವಿಂಗಡಿಸುವುದೇ ಅಲ್ಲಿನವರಿಗೆ ಇನ್ನೊಂದು ಕೆಲಸ.

ಇನ್ನು ತೋರಿಕೆ. ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಬತ್ತಿ ಹಚ್ಚಿ, ಫೋಟೋ ತೆಗೆದು ಮನೆಗೆ ಹೋದರೆ ತೋರಿಕೆಯೇ. ಯಾರನ್ನು ಏನು ಕೇಳುತ್ತಿದ್ದೀರಿ ಎಂಬುದು ಸ್ಪಷ್ಟ ಇದ್ದರೆ ಅಲ್ಲ. 1919ರಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಮಹಿಳೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರ ಹಂಚಿದರು. ಮೊದಲ ಮಹಾಯುದ್ಧದ ಗುಂಡಿನ ಸದ್ದು ನಿಂತಿತ್ತು, ಶತ್ರುದೇಶಗಳಿಗೆ ಆಹಾರ ಹೋಗದಂತೆ ಬ್ರಿಟನ್ ಹಾಕಿದ್ದ ದಿಗ್ಬಂಧನ ಮಾತ್ರ ಮುಂದುವರಿದಿತ್ತು. ಕರಪತ್ರದಲ್ಲಿದ್ದದ್ದು ಹಸಿವಿನಿಂದ ಸೊರಗಿದ ಆಸ್ಟ್ರಿಯಾದ ಮಗುವಿನ ಚಿತ್ರ, ಅಂದರೆ ನಿನ್ನೆಯವರೆಗೂ ಶತ್ರುವಾಗಿದ್ದ ದೇಶದ ಮಗು. ದಿಗ್ಬಂಧನ ತೆಗೆಯಿರಿ ಎಂಬುದೇ ಬೇಡಿಕೆ. ಪೊಲೀಸರು ಹಿಡಿದರು, 5 ಪೌಂಡ್ ದಂಡ ಬಿತ್ತು. ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಆ ಹಣ ಕೊಟ್ಟರು! ಅದೇ ವರ್ಷ ಮಕ್ಕಳಿಗಾಗಿ ಅವರು ಕಟ್ಟಿದ 'ಸೇವ್ ದ ಚಿಲ್ಡ್ರನ್' ಸಂಸ್ಥೆ ಹುಟ್ಟಿತು. ಅಂದ ಹಾಗೆ, ಜೆಬ್‌ಗೆ ಸ್ವಂತ ಮಕ್ಕಳಿರಲಿಲ್ಲ. ಹೆತ್ತವರಿಗೇ ಗೊತ್ತು ಸಂಕಟ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಕಷ್ಟ ಇರುವುದು ಇಲ್ಲೇ, ಆ ಕಡೆಯ ಮಗುವಿನ ವಿಷಯದಲ್ಲಿ. ನಮ್ಮವರ ಮಗುವಿಗೆ ಅಳುವುದು ಸುಲಭ, ಅಲ್ವಾ? 1995ರಲ್ಲಿ ಶುರುವಾದ ಒಂದು ವೇದಿಕೆಯಲ್ಲಿ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳು ಒಟ್ಟಿಗೆ ಕೂರುತ್ತಿವೆ. ಎಲ್ಲವೂ ಆ ಸಂಘರ್ಷದಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳು. ಅವರಿಗೆ ಸಾಧ್ಯವಾದದ್ದು, ದೂರದಲ್ಲಿ ಕೂತ ನಮಗೆ ಯಾಕಾಗಬಾರದು?

ಎಲ್ಲಕ್ಕೂ ಬೇಡಿಕೆಯೇ ಬೇಕು ಅಂತಲೂ ಇಲ್ಲ. 2022ರ ಮಾರ್ಚ್‌ನಲ್ಲಿ ಪೋಲೆಂಡ್ ಗಡಿಯ ಪ್ಶೆಮಿಶ್ಲ್ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಯಾರೋ ಮಕ್ಕಳ ತಳ್ಳುಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಹೋಗಿದ್ದರು. ಉಕ್ರೇನ್‌ನಿಂದ ಕೂಸನ್ನು ಎತ್ತಿಕೊಂಡು ಬರುವ ತಾಯಿಗೆ ರೈಲಿಳಿದ ತಕ್ಷಣ ಏನು ಬೇಕು ಎಂದು ಇನ್ನೊಬ್ಬ ತಾಯಿಗಲ್ಲದೆ ಯಾರಿಗೆ ಹೊಳೆಯಬೇಕು?

ಒಂದು ವಿನಂತಿ. ಗಾಯಗೊಂಡ ಮಕ್ಕಳ ಫೋಟೋ ಹಂಚಬೇಡಿ. ನಮ್ಮ ಮಗುವಿನದಾದರೆ ಹಂಚಲು ಬಿಡುತ್ತಿದ್ದೆವಾ?

ಮುಂದಿನ ಸಲ ಸೇರಿದಾಗ ಒಂದೇ ಒಂದು ಬೇಡಿಕೆ ಬರೆದು ಸರ್ಕಾರಕ್ಕೆ ಕಳಿಸಿ. 1985ರಲ್ಲಿ, ಅಂತರ್ಯುದ್ಧದ ನಡುವೆ, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಮಕ್ಕಳಿಗೆ ಲಸಿಕೆ ಹಾಕಲೆಂದೇ ಸೇನೆ, ಬಂಡುಕೋರರು ಇಬ್ಬರೂ ಬೇರೆ ಬೇರೆ ಮೂರು ದಿನ ಕದನ ನಿಲ್ಲಿಸಿದ್ದರು. ಅಂಥದ್ದನ್ನೇ ಕೇಳಿ. ಎರಡೂ ಕಡೆಯ ಮಕ್ಕಳಿಗೆ ಎಂದು ಕಾಗದದಲ್ಲಿ ಇರಲಿ. ಅದನ್ನು ಓದಿ ಯಾರಾದರೂ ಎದ್ದು ಹೋದರೆ ಹೋಗಲಿ, ಉಳಿದವರು ಸಹಿ ಹಾಕಿ.

– ಸಂಪಾದಕ