ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡವರ ಕೋರ್ಟಿಗೆ ಹೋದ ಮಕ್ಕಳ ಲೆಕ್ಕ ಎಲ್ಲಿದೆ?

ಪ್ರಶ್ನೆ: ನನ್ನ ತಂಗಿಯ ಸಂಸಾರ ಟೆಕ್ಸಾಸಿನ ಡಲ್ಲಾಸಿನಲ್ಲಿದೆ. ಅವಳ ಮಗನಿಗೆ ಈಚೆಗೆ 17 ತುಂಬಿತು. ಅಲ್ಲಿ ಈ ವಯಸ್ಸಿನ ಹುಡುಗ ಯಾವುದಾದರೂ ಪ್ರಕರಣದಲ್ಲಿ ಸಿಕ್ಕಿಬಿದ್ದರೆ ನೇರವಾಗಿ ದೊಡ್ಡವರ ಕೋರ್ಟಿಗೇ ಹೋಗಬೇಕಂತೆ. ಅಮೆರಿಕದಲ್ಲಿ ವರ್ಷಕ್ಕೆ ಎರಡು ಲಕ್ಷ ಮಕ್ಕಳಿಗೆ ಹೀಗಾಗುತ್ತದೆಂದು ಒಂದು ಕಡೆ ಓದಿದೆ, ಐವತ್ತು ಸಾವಿರವೆಂದು ಇನ್ನೊಂದು ಕಡೆ. ಯಾವುದನ್ನು ನಂಬಲಿ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ತಂಗಿ ಹೇಳಿರುವುದು ಸರಿ. ಟೆಕ್ಸಾಸ್, ಜಾರ್ಜಿಯಾ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ 17 ತುಂಬಿದವರು ಅಪರಾಧ ಕಾನೂನಿನ ಮಟ್ಟಿಗೆ ವಯಸ್ಕರು. ಉಳಿದ ಬಹುತೇಕ ರಾಜ್ಯಗಳಲ್ಲಿ ಈ ಗೆರೆ 18ಕ್ಕೆ ಇದೆ.

ಇನ್ನು ನೀವು ಓದಿದ ಎರಡು ಅಂಕಿಗಳು ಬೇರೆ ಬೇರೆ ಕಾಲದವು, ಮತ್ತು ಎರಡೂ ಅಂದಾಜುಗಳೇ ಹೊರತು ತಲೆ ಎಣಿಸಿ ಬರೆದ ಲೆಕ್ಕವಲ್ಲ. 2007ರ ಹೊತ್ತಿಗೆ 13 ರಾಜ್ಯಗಳು 16 ಅಥವಾ 17ನೇ ವಯಸ್ಸಿಗೇ ಮಕ್ಕಳನ್ನು ದೊಡ್ಡವರ ಸಾಲಿಗೆ ಸೇರಿಸುತ್ತಿದ್ದವು. ಆ ರಾಜ್ಯಗಳಲ್ಲಿ ಆ ವರ್ಷ ಸುಮಾರು 1,75,000 ಪ್ರಕರಣಗಳಿದ್ದಿರಬಹುದೆಂದು 2011ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಪ್ರಕಟಿಸಿದ ವರದಿ ಲೆಕ್ಕ ಹಾಕಿತು. ಈ ಲೆಕ್ಕ ಹಾಕಿದ ಬಗೆಯನ್ನು ಓದುಗರು ಗಮನಿಸಬೇಕು. ಉಳಿದ ರಾಜ್ಯಗಳಲ್ಲಿ ಅದೇ ವಯಸ್ಸಿನ ಮಕ್ಕಳು ಯಾವ ಪ್ರಮಾಣದಲ್ಲಿ ಬಾಲ ನ್ಯಾಯಾಲಯಕ್ಕೆ ಬರುತ್ತಾರೋ ಅದನ್ನು ಆಧಾರವಾಗಿಟ್ಟುಕೊಂಡು, ಈ 13 ರಾಜ್ಯಗಳ ಜನಸಂಖ್ಯೆಗೆ ಅನ್ವಯಿಸಿ ಆ ಸಂಖ್ಯೆಯನ್ನು ಪಡೆದಿದ್ದರು. ಎಂದರೆ, ಯಾರೂ ಆ ಕೋರ್ಟುಗಳಿಗೆ ಹೋಗಿ ಕಡತ ಬಿಚ್ಚಿ ಎಣಿಸಿರಲಿಲ್ಲ.

ಆಮೇಲೆ ಕನೆಕ್ಟಿಕಟ್, ಇಲಿನಾಯ್, ನ್ಯೂಯಾರ್ಕ್, ನಾರ್ತ್ ಕೆರೊಲಿನಾ, ಮಿಷಿಗನ್, ಮಿಸೌರಿ ಹೀಗೆ ಒಂದೊಂದೇ ರಾಜ್ಯ ತನ್ನ ಗೆರೆಯನ್ನು 18ಕ್ಕೆ ಏರಿಸಿತು. 2019ರ ಪ್ರಕರಣಗಳ ಬಗ್ಗೆ ಪಿಟ್ಸ್‌ಬರ್ಗಿನ ರಾಷ್ಟ್ರೀಯ ಬಾಲ ನ್ಯಾಯ ಕೇಂದ್ರ ಮಾಡಿದ ಅಂದಾಜು 53,000. ಇವತ್ತಿನ ಮಾತಾಡುವಾಗ ನೀವು ಇದನ್ನೇ ಹಿಡಿಯಬೇಕು, ಆದರೆ ಅಂದಾಜು ಎಂಬ ಮಾತನ್ನು ಬಿಡದೆ ಹಿಡಿಯಬೇಕು. ಇಳಿಕೆ ನಿಜ; ಮಕ್ಕಳ ಅಪರಾಧ ಪ್ರಕರಣಗಳೇ ಆ ವರ್ಷಗಳಲ್ಲಿ ತಗ್ಗಿದ್ದು ಅದಕ್ಕೆ ಒಂದು ಕಾರಣವಾದರೆ, ಕಾನೂನಿನ ಗೆರೆ ಸರಿದದ್ದು ಇನ್ನೊಂದು. ಗೆರೆ ಹಿಂದಕ್ಕೂ ಸರಿಯುತ್ತದೆ: 17 ವರ್ಷದವರನ್ನು ಬಾಲ ನ್ಯಾಯಾಲಯಕ್ಕೆ ಸೇರಿಸಿದ್ದ ಲೂಸಿಯಾನಾ 2024ರಲ್ಲಿ ಅವರನ್ನು ಮತ್ತೆ ದೊಡ್ಡವರ ಕೋರ್ಟಿಗೆ ಕಳುಹಿಸಿತು.

ಪ್ರಶ್ನೆ: ಕೋರ್ಟುಗಳೆಲ್ಲ ಕಂಪ್ಯೂಟರಿಗೆ ಬಂದಿರುವ ದೇಶದಲ್ಲಿ ಇಷ್ಟನ್ನು ಎಣಿಸುವುದಕ್ಕೆ ಏನು ತೊಡಕು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ತೊಡಕು ಯಂತ್ರದ್ದಲ್ಲ, ದಾರಿಗಳದ್ದು. ಗೆರೆಯ ಕೆಳಗಿನ ಮಗು ದೊಡ್ಡವರ ಕೋರ್ಟಿಗೆ ಹೋಗಲು ಅಮೆರಿಕದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಬಾಲ ನ್ಯಾಯಾಲಯದ ನ್ಯಾಯಾಧೀಶರೇ ವಿಚಾರಣೆ ನಡೆಸಿ ಪ್ರಕರಣವನ್ನು ವರ್ಗಾಯಿಸುವುದು. ಇದಕ್ಕೆ ವಕೀಲರ ನೆರವು ಇರಬೇಕು, ಕಾರಣಗಳನ್ನು ಬರೆಯಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 1966ರ ಕೆಂಟ್ ಪ್ರಕರಣದಲ್ಲಿ ಹೇಳಿತು. ಎರಡನೆಯದರಲ್ಲಿ ಸರ್ಕಾರಿ ಅಭಿಯೋಜಕರು ತಮ್ಮ ವಿವೇಚನೆಯಿಂದ ನೇರವಾಗಿ ದೊಡ್ಡವರ ಕೋರ್ಟಿನಲ್ಲಿ ಮೊಕದ್ದಮೆ ಹೂಡುತ್ತಾರೆ. ಮೂರನೆಯದರಲ್ಲಿ ಯಾರೂ ಏನನ್ನೂ ತೀರ್ಮಾನಿಸುವುದಿಲ್ಲ. ಇಂಥ ವಯಸ್ಸು, ಇಂಥ ಆರೋಪ ಎಂದಾದರೆ ಬಾಲ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲವೆಂದು ಶಾಸನ ಮೊದಲೇ ಬರೆದಿಟ್ಟಿರುತ್ತದೆ.

ಮೊದಲ ದಾರಿಯಲ್ಲಿ ಹೋದ ಮಗು ಬಾಲ ನ್ಯಾಯಾಲಯದ ಹೊಸ್ತಿಲು ದಾಟಿಯೇ ಹೋಗುತ್ತದೆ, ಆದ್ದರಿಂದ ಅಲ್ಲಿನ ವಹಿಯಲ್ಲಿ ಅದರ ಗುರುತು ಉಳಿಯುತ್ತದೆ. 1927ರ ಪ್ರಕರಣಗಳಿಂದ ಮೊದಲ್ಗೊಂಡು ಪ್ರಕಟವಾಗುತ್ತ ಬಂದಿರುವ ಬಾಲ ನ್ಯಾಯಾಲಯಗಳ ಅಂಕಿಅಂಶ ವರದಿಗೆ ಸಿಗುವುದು ಈ ಮಕ್ಕಳು ಮಾತ್ರ. ಉಳಿದೆರಡು ದಾರಿಗಳ ಮಕ್ಕಳು ಆ ಹೊಸ್ತಿಲನ್ನು ತುಳಿಯುವುದೇ ಇಲ್ಲ. ನ್ಯಾಯಾಧೀಶರ ವರ್ಗಾವಣೆಗಳು 1994ರಲ್ಲಿ ಗರಿಷ್ಠ ಮುಟ್ಟಿ ಆಮೇಲೆ ಇಳಿದವು, ಆದರೆ ಅದೇ ದಶಕದಲ್ಲಿ ರಾಜ್ಯಗಳು ಉಳಿದ ಎರಡು ದಾರಿಗಳನ್ನು ಅಗಲಗೊಳಿಸಿದ್ದರಿಂದ ಆ ಇಳಿಕೆಯನ್ನು ನೋಡಿ ಸಮಾಧಾನ ಪಡುವಂತಿರಲಿಲ್ಲ. ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗವು 1998ರಲ್ಲಿ ದೇಶದ 40 ದೊಡ್ಡ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳ) ಘೋರ ಅಪರಾಧ ಪ್ರಕರಣಗಳನ್ನು ಅಧ್ಯಯನ ಮಾಡಿದಾಗ, ದೊಡ್ಡವರ ಕೋರ್ಟಿನಲ್ಲಿದ್ದ ಸುಮಾರು 7,100 ಬಾಲ ಆರೋಪಿಗಳಲ್ಲಿ ನ್ಯಾಯಾಧೀಶರ ಮೂಲಕ ಬಂದವರು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಎಂದು ಕಂಡುಬಂತು. ದೇಶಾದ್ಯಂತ ಕ್ರಮವಾಗಿ ಎಣಿಕೆಯಾಗುತ್ತಿದ್ದದ್ದು ಆ ಒಂದು ಭಾಗ ಮಾತ್ರ. ಅದೇ ಅಧ್ಯಯನದಲ್ಲಿ ಆರೋಪಿಗಳ ಪೈಕಿ ಶೇ 62ರಷ್ಟು ಕಪ್ಪು ವರ್ಣೀಯ ಮಕ್ಕಳಿದ್ದರೆಂಬುದನ್ನು ಇಲ್ಲಿ ನೆನೆಯಲೇಬೇಕು. ಎಣಿಸದೆ ಹೋಗಿದ್ದರೆ ಆ ಅನ್ಯಾಯಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಈಗ ದೊಡ್ಡವರ ಕೋರ್ಟಿನ ಒಂದು ಕಡತವನ್ನು ಕಣ್ಣೆದುರಿಗೆ ತಂದುಕೊಳ್ಳಿ. ಹೆಸರಿದೆ, ಹುಟ್ಟಿದ ದಿನವಿದೆ, ಆರೋಪದ ಸಂಕೇತವಿದೆ, ಮೊಕದ್ದಮೆ ದಾಖಲಾದ ದಿನವಿದೆ. ಈತ ಬಾಲಕ ಎಂದಾಗಲಿ, ಇಂಥ ದಾರಿಯಿಂದ ಬಂದ ಎಂದಾಗಲಿ ಹೇಳುವ ಅಂಕಣ ಅದರಲ್ಲಿ ಇರಬೇಕೆಂದೇನೂ ಇಲ್ಲ, ಏಕೆಂದರೆ ಆ ಕೋರ್ಟಿನ ನಿತ್ಯದ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಎಣಿಸುವವರು ಹುಟ್ಟಿದ ದಿನವನ್ನು ಇನ್ನೊಂದು ದಿನಾಂಕದಿಂದ ಕಳೆದು ತಾವೇ ವಯಸ್ಸು ಕಂಡುಕೊಳ್ಳಬೇಕು. ಯಾವ ದಿನಾಂಕದಿಂದ? ಕೃತ್ಯ ನಡೆದಾಗ 17 ವರ್ಷ 10 ತಿಂಗಳಾಗಿದ್ದ ಹುಡುಗನ ಮೇಲೆ ಮೂರು ತಿಂಗಳ ನಂತರ ಮೊಕದ್ದಮೆ ದಾಖಲಾದರೆ, ದಾಖಲಾದ ದಿನವನ್ನು ಹಿಡಿದವರ ಲೆಕ್ಕದಲ್ಲಿ ಆತ ದೊಡ್ಡವನೇ. ಒಬ್ಬನ ಮೇಲೆ ಮೂರು ಆರೋಪಗಳಿದ್ದರೆ ಒಂದು ಕೌಂಟಿ ಮೂರು ಎಂದು ಬರೆದೀತು, ಪಕ್ಕದ ಕೌಂಟಿ ಒಂದು ಎಂದು. ಕೆಲವು ರಾಜ್ಯಗಳಲ್ಲಿ ದೊಡ್ಡವರ ಕೋರ್ಟು ಮಗುವನ್ನು ಬಾಲ ನ್ಯಾಯಾಲಯಕ್ಕೆ ಹಿಂದಿರುಗಿಸಬಹುದು. ಆಗ ಒಂದೇ ಮಗು ಎರಡು ಕಡೆ ದಾಖಲಾಗುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳ ಇಂಥ ದಾಖಲೆಗಳನ್ನು ಒಂದೇ ಅಳತೆಗೆ ತರುವುದು ಹೇಗೆಂದು ಯೋಚಿಸಿ. 2011ರ ಅದೇ ವರದಿಯ ಪ್ರಕಾರ ತನ್ನ ಎಲ್ಲ ವರ್ಗಾವಣೆಗಳ ಒಟ್ಟು ಸಂಖ್ಯೆಯನ್ನು ಸಾರ್ವಜನಿಕರ ಮುಂದಿಡುತ್ತಿದ್ದ ರಾಜ್ಯಗಳು 13 ಮಾತ್ರ, ಮತ್ತು ಆ ಮಕ್ಕಳ ಶಿಕ್ಷೆಯ ವಿವರ ಕೊಡುತ್ತಿದ್ದವು ಅದಕ್ಕಿಂತ ಕಡಿಮೆ.

ಜೈಲುಗಳ ಲೆಕ್ಕ ಸಾಲದೇ ಎಂದು ನೀವು ಕೇಳಬಹುದು. 1999ರ ಜೂನ್ ಕೊನೆಯಲ್ಲಿ ಸ್ಥಳೀಯ ಜೈಲುಗಳಲ್ಲಿ 18 ತುಂಬದ 9,458 ಮಂದಿ ಇದ್ದರೆಂದು ದಾಖಲೆಯಿದೆ. ಆದರೆ ಅದು ಒಂದು ದಿನದ ತಲೆಯೆಣಿಕೆ. ನಾಲ್ಕು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದವರು ಅದರಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ.

ಮಗುವನ್ನು ದೊಡ್ಡವರ ಕೋರ್ಟಿಗೆ ಕಳುಹಿಸುವ ಅಧಿಕಾರವನ್ನು ಕೊಡುವ ಶಾಸನದಲ್ಲೇ, ಯಾವ ವಯಸ್ಸಿನ, ಯಾವ ಆರೋಪದ ಎಷ್ಟು ಮಕ್ಕಳನ್ನು ಯಾವ ದಾರಿಯಿಂದ ಕಳುಹಿಸಲಾಯಿತು ಮತ್ತು ಕೊನೆಗೆ ಏನಾಯಿತು ಎಂದು ವರ್ಷವರ್ಷವೂ ವರದಿ ಮಾಡುವ ಹೊಣೆಯನ್ನೂ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕಣವಿಲ್ಲದ ವಹಿಯಿಂದ ಆಮೇಲೆ ಎಷ್ಟೇ ಹಣ ಸುರಿದರೂ ಉತ್ತರ ತೆಗೆಯಲಾಗುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯ. ಹಳೆಯ ವಿದ್ಯಾರ್ಥಿಯೊಬ್ಬನ ಜನ್ಮದಿನಾಂಕ ಕೇಳಿ ಬಾಲ ನ್ಯಾಯ ಮಂಡಳಿಯಿಂದ ಪತ್ರ ಬಂದಿತ್ತು. ನಮ್ಮಲ್ಲೂ ಮಕ್ಕಳನ್ನು ವಯಸ್ಕರಂತೆ ವಿಚಾರಿಸುವುದುಂಟೇ? ಅದರ ಲೆಕ್ಕ ಇಡುತ್ತಾರೆಯೇ?
— ಓದುಗರು, ಮೈಸೂರು ಜಿಲ್ಲೆ

ಉತ್ತರ: ಉಂಟು. 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲ ನ್ಯಾಯ ಕಾಯ್ದೆಯ 15ನೇ ಕಲಮಿನಂತೆ, 16ರಿಂದ 18ರ ನಡುವಿನ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಂಡಳಿಯು ಪ್ರಾಥಮಿಕ ನಿರ್ಧರಣೆ, ಎಂದರೆ ಅಂಥ ಕೃತ್ಯ ಎಸಗುವ ಮತ್ತು ಅದರ ಪರಿಣಾಮ ಅರಿಯುವ ಶಕ್ತಿ ಮಗುವಿಗಿತ್ತೇ ಎಂಬ ಮೊದಲ ಪರಿಶೀಲನೆ ನಡೆಸಿ, ಅಗತ್ಯವೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ (ಇದು ಮಂಡಳಿಯಿಂದ ಬೇರೆಯಾದ, ಸೆಷನ್ಸ್ ಮಟ್ಟದ ನ್ಯಾಯಾಲಯ) ಕಳುಹಿಸುತ್ತದೆ. ವಯಸ್ಕನಂತೆ ವಿಚಾರಿಸಬೇಕೇ ಎಂದು ಆ ನ್ಯಾಯಾಲಯ ಮತ್ತೊಮ್ಮೆ ಯೋಚಿಸಬೇಕು. ಅಭಿಯೋಜಕರಿಗೆ ನೇರ ದಾರಿ ಇಲ್ಲಿಲ್ಲ. ಎಲ್ಲರೂ ಮಂಡಳಿಯ ಬಾಗಿಲಿನಿಂದಲೇ ಹೋಗಬೇಕಾದ್ದರಿಂದ ಎಣಿಸುವುದು ಅಮೆರಿಕಕ್ಕಿಂತ ನಮಗೆ ಸುಲಭವಾಗಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕದಲ್ಲಿ ಪೊಲೀಸರು ವಶಕ್ಕೆ ಪಡೆದ ಮಕ್ಕಳು 37,780. ಅವರಲ್ಲಿ 29,690 ಮಂದಿ 16ರಿಂದ 18ರ ನಡುವಿನವರು. ಇದು ಪೊಲೀಸ್ ಠಾಣೆಯಿಂದ ಹೊರಟ ಸಂಖ್ಯೆ. ಆ ಪೈಕಿ ಎಷ್ಟು ಮಂದಿಗೆ ಪ್ರಾಥಮಿಕ ನಿರ್ಧರಣೆ ಆಯಿತು, ಎಷ್ಟು ಮಂದಿ ಮಕ್ಕಳ ನ್ಯಾಯಾಲಯಕ್ಕೆ ಹೋದರು, ಎಷ್ಟು ಮಂದಿಯನ್ನು ವಯಸ್ಕರಂತೆ ವಿಚಾರಿಸಲಾಯಿತು, ತೀರ್ಪು ಏನಾಯಿತು ಎಂಬ ನಾಲ್ಕು ಸಂಖ್ಯೆಗಳು ಅದರ ಪಕ್ಕದಲ್ಲೇ, ಜಿಲ್ಲಾವಾರು ಸಿಗಬೇಕು. ಬಾಕಿ ಪ್ರಕರಣಗಳ ಮಾಹಿತಿಯನ್ನು ಮಂಡಳಿ ಮೂರು ತಿಂಗಳಿಗೊಮ್ಮೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಕೊಡಬೇಕೆಂದು 16ನೇ ಕಲಮು ಈಗಾಗಲೇ ಹೇಳುತ್ತದೆ. ಅದೇ ನಮೂನೆಗೆ ಇವನ್ನೂ ಸೇರಿಸಿದರೆ ಹೆಚ್ಚಿನ ಶ್ರಮವಿಲ್ಲ.

ನಿಮಗೆ ಬಂದ ಪತ್ರದ ಬಗ್ಗೆ ಒಂದು ಮಾತು. ವಯಸ್ಸಿನ ಬಗ್ಗೆ ಸಂದೇಹ ಬಂದಾಗ 94ನೇ ಕಲಮಿನಂತೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ; ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ; ಅದೂ ಇಲ್ಲದಿದ್ದಾಗ ಮಾತ್ರ ಮೂಳೆಯ ಪರೀಕ್ಷೆ. ಎಫ್‌ಐಆರಿನಲ್ಲಿ 'ಸುಮಾರು 19' ಎಂದು ಬರೆದಿದ್ದ ಹುಡುಗ ನಿಮ್ಮ ದಾಖಲಾತಿ ರಿಜಿಸ್ಟರಿನ ಒಂದು ಸಾಲಿನಿಂದ 17ರವನೆಂದು ತಿಳಿಯಬಹುದು, ಮತ್ತು ಆ ಸಾಲು ಸಿಗದೆ ಹೋದರೆ ಆತ ದೊಡ್ಡವರ ಜೈಲಿನಲ್ಲಿ, ಯಾವ ಮಕ್ಕಳ ಲೆಕ್ಕಕ್ಕೂ ಸೇರದೆ ಉಳಿಯಬಹುದು. ಆದ್ದರಿಂದ ಹಳೆಯ ರಿಜಿಸ್ಟರುಗಳನ್ನು ಗೆದ್ದಲು, ಮಳೆಗಳಿಂದ ಕಾಪಾಡಿ ಇಡಿ. ಮಂಡಳಿ ಕೇಳಿದಾಗ ಆ ಪುಟದ ದೃಢೀಕೃತ ನಕಲನ್ನು ತಡಮಾಡದೆ ಕಳುಹಿಸಿ.