ಪುಟ್ಟ ಉಪಗ್ರಹಕ್ಕೆ ರಾಕೆಟ್ಟಿನಲ್ಲಿ ಜಾಗ

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿಕ್ಕದೊಂದು ಉಪಗ್ರಹ ತಯಾರಿಸುವ ಆಸೆಯಿದೆ. ಇಡೀ ರಾಕೆಟ್ಟಿನ ವೆಚ್ಚ ಭರಿಸುವ ಶಕ್ತಿ ನಮಗಿಲ್ಲ. ಇತರರೊಂದಿಗೆ ಒಂದೇ ರಾಕೆಟ್ಟಿನಲ್ಲಿ ಕಳಿಸಿದರೆ ಖರ್ಚು ನಿಜಕ್ಕೂ ಇಳಿಯುತ್ತದೆಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ಇಳಿಯುತ್ತದೆ. ದೊಡ್ಡ ಉಪಗ್ರಹವೊಂದಕ್ಕಾಗಿ ಹೊರಟ ರಾಕೆಟ್ಟಿನಲ್ಲಿ ಇನ್ನೂ ಭಾರ ಹೊರುವ ಶಕ್ತಿ ಮಿಕ್ಕಿದ್ದರೆ, ಅದನ್ನು ಚಿಕ್ಕ ಉಪಗ್ರಹಗಳಿಗೆ ಹಂಚುತ್ತಾರೆ. 2017ರ ಫೆಬ್ರವರಿ 15ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ–ಸಿ37 ಹೊತ್ತೊಯ್ದ 104 ಉಪಗ್ರಹಗಳ ಒಟ್ಟು ತೂಕ 1,378 ಕಿಲೋ. ಅದರಲ್ಲಿ 714 ಕಿಲೋ, ಭೂಮಿಯ ಚಿತ್ರ ತೆಗೆಯುವ ದೊಡ್ಡ ಉಪಗ್ರಹ ಕಾರ್ಟೊಸ್ಯಾಟ್ ಒಂದರದ್ದೇ ಆಗಿತ್ತು. ಅಮೆರಿಕದ ಸ್ಪೇಸ್‌ಎಕ್ಸ್ ಚಿಕ್ಕ ಉಪಗ್ರಹಗಳಿಗಾಗಿಯೇ ಪ್ರತ್ಯೇಕ ಯಾನಗಳನ್ನು ನಡೆಸುತ್ತಿದ್ದು, 2021ರ ಜನವರಿಯಲ್ಲಿ ಇಂಥ ಮೊದಲ ಯಾನದಲ್ಲಿ 143 ಉಪಗ್ರಹಗಳನ್ನು ಕಳಿಸಿತು. ಆಗ 200 ಕಿಲೋವರೆಗಿನ ದರ 10 ಲಕ್ಷ ಡಾಲರ್ ಇತ್ತು.

ಆದರೆ ಹಣದಲ್ಲಿ ಉಳಿಸಿದ್ದನ್ನು ಸ್ವಾತಂತ್ರ್ಯದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ನೀವು ಮೊದಲೇ ತಿಳಿದಿರಬೇಕು. ಹೊರಡುವ ದಿನವಾಗಲಿ, ಸೇರುವ ಕಕ್ಷೆಯಾಗಲಿ ನಿಮ್ಮ ಕೈಯಲ್ಲಿರುವುದಿಲ್ಲ. ದೊಡ್ಡ ಉಪಗ್ರಹ ತಡವಾದರೆ ನೀವೂ ಕಾಯಬೇಕು. ರಾಕೆಟ್ ವಿಫಲವಾದರೆ ಎಲ್ಲರದ್ದೂ ಒಟ್ಟಿಗೇ ಹೋಗುತ್ತದೆ. 2006ರ ಜುಲೈನಲ್ಲಿ ನೆಪರ್ ರಾಕೆಟ್ ಬಿದ್ದಾಗ ವಿಶ್ವವಿದ್ಯಾಲಯಗಳವೂ ಸೇರಿದಂತೆ 18 ಉಪಗ್ರಹಗಳು ನಾಶವಾದವು. ಆದ್ದರಿಂದ ವಿನ್ಯಾಸದ ಮೊದಲ ಗೆರೆ ಎಳೆಯುವ ಮುನ್ನವೇ, ಸಿಕ್ಕ ಕಕ್ಷೆಯಲ್ಲಿ ನಿಮ್ಮ ಉಪಕರಣ ಕೆಲಸ ಮಾಡಬಲ್ಲದೇ ಎಂದು ಲೆಕ್ಕ ಹಾಕಿಕೊಳ್ಳಿ.

ಸಹಪ್ರಯಾಣಿಕರಿಗೆ ನಿಯಮಗಳೂ ಬಿಗಿ. 10 ಸೆಂಟಿಮೀಟರ್ ಘನಾಕೃತಿಯ ‘ಕ್ಯೂಬ್‌ಸ್ಯಾಟ್’ಗಳನ್ನು ಲೋಹದ ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಒತ್ತಿ ಕೂರಿಸುತ್ತಾರೆ. ಏರುವಾಗ ಅವುಗಳ ವಿದ್ಯುತ್ ಪೂರ್ತಿ ಕಡಿತವಾಗಿರಬೇಕು. ಬಾಗಿಲು ತೆರೆದು ಸ್ಪ್ರಿಂಗ್ ಹೊರತಳ್ಳಿದಾಗ, ಅದುವರೆಗೆ ಅದುಮಿದ್ದ ಸ್ವಿಚ್ ಬಿಡುಗಡೆಯಾಗಿ ಉಪಗ್ರಹಕ್ಕೆ ಎಚ್ಚರವಾಗುತ್ತದೆ. ಆಗಲೂ ಅದು ಆಂಟೆನಾ ಬಿಚ್ಚಲು ಅರ್ಧ ಗಂಟೆ ಕಾಯಬೇಕು, ಏಕೆಂದರೆ ಪಕ್ಕದವರ ಉಪಗ್ರಹಕ್ಕೆ ತಗುಲಬಾರದು.

ಇದು ವಿದ್ಯಾರ್ಥಿಗಳ ಕೈಗೆ ಮೀರಿದ್ದಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ರೂಪಿಸಿದ, ಒಂದು ಕಿಲೋಗೂ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ 2010ರ ಜುಲೈ 12ರಂದು ಕಾರ್ಟೊಸ್ಯಾಟ್–2ಬಿ ಜೊತೆಗೇ ಕಕ್ಷೆ ಸೇರಿತು. ಬೆಂಗಳೂರಿನ ಪಿಇಎಸ್ ಸಂಸ್ಥೆಯ ‘ಪೈಸ್ಯಾಟ್’ 2016ರಲ್ಲಿ ಹೋಯಿತು.

ನನ್ನ ಅಭಿಪ್ರಾಯ ಕೇಳುವುದಾದರೆ, ನಿಮ್ಮದು ಕೆಲವು ವಾರಗಳ ಪ್ರಯೋಗವಷ್ಟೇ ಆಗಿದ್ದರೆ ಸ್ವಂತ ಉಪಗ್ರಹದ ಹಟ ಬೇಡ. ಉಪಗ್ರಹಗಳನ್ನು ಬಿಟ್ಟು ಕೆಲಸ ಮುಗಿಸಿದ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತವನ್ನೇ (ಕಕ್ಷೆ ತಲುಪುವ ಕೊನೆಯ ಭಾಗ) ಇಸ್ರೋ ‘ಪೋಯೆಮ್’ ಎಂಬ ಪ್ರಯೋಗ ವೇದಿಕೆಯಾಗಿ ಬಳಸುತ್ತಿದೆ. ವಿದ್ಯುತ್ತು, ಸಂಪರ್ಕ ಅದೇ ಒದಗಿಸುತ್ತದೆ. 2024ರ ಡಿಸೆಂಬರ್ 30ರಂದು ಹೋದ ವೇದಿಕೆಯಲ್ಲಿ 24 ಉಪಕರಣಗಳಿದ್ದವು. ಅವುಗಳಲ್ಲೊಂದಾದ ಪುಟ್ಟ ಡಬ್ಬಿಯಲ್ಲಿ ಎಂಟು ಅಲಸಂದೆ ಬೀಜಗಳಿದ್ದವು; ನಾಲ್ಕೇ ದಿನಗಳಲ್ಲಿ ಅವು ಮೊಳಕೆಯೊಡೆದು, ಬಳಿಕ ಎಲೆಯನ್ನೂ ಬಿಟ್ಟವು.